ಹದಿನೇಳು ವರ್ಷ ಏಳು ತಿಂಗಳು

ಆಧಾರ್ ಕಾರ್ಡಿನ ಜೆರಾಕ್ಸ್ ನನ್ನ ಫೈಲಿನಲ್ಲೇ ಇತ್ತು. ಕೇಳಿ ಇಸ್ಕೊಂಡವನೂ ನಾನೇ, ಅಗ್ರಿಮೆಂಟಿನ ಹಿಂದೆ ಇಟ್ಟು ಪಿನ್ ಹೊಡೆದವನೂ ನಾನೇ. ನಾಲ್ಕು ತಿಂಗಳಲ್ಲಿ ಆ ಫೈಲನ್ನು ಎಷ್ಟು ಸಲ ತೆಗೆದು ನೋಡಿದ್ದೇನೋ ಲೆಕ್ಕವಿಲ್ಲ. ಆದರೆ ಹುಟ್ಟಿದ ತಾರೀಕು ಓದಿದ್ದು ನಾನಲ್ಲ, ವಕೀಲರು. ಅದೂ ಫೈಲು ಕೈಗೆ ಕೊಟ್ಟ ಅರ್ಧ ನಿಮಿಷದಲ್ಲಿ.

ನಾನು ಮದುವೆ, ನಾಮಕರಣಗಳ ಫೋಟೋ ತೆಗೆಯುವವನು. ಹೊಸ ಕ್ಯಾಮೆರಾ ಕೊಂಡಾಗ ಹಳೆಯದನ್ನು ಮಾರುವುದು ನಮ್ಮಲ್ಲಿ ಮಾಮೂಲಿ. ಕಳೆದ ವರ್ಷ ಜೂನ್‌ನಲ್ಲಿ ಹಳೇ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ), ಒಂದು 85 ಎಂಎಂ ಲೆನ್ಸು, ಎರಡು ಬ್ಯಾಟರಿ ಸೇರಿಸಿ 62,000 ರೂಪಾಯಿಗೆ ಒಬ್ಬ ಹುಡುಗನಿಗೆ ಕೊಟ್ಟೆ. ಎರಡು ಮೂರು ಮದುವೆಗಳಲ್ಲಿ ನನ್ನ ಜೊತೆ ಲೈಟ್ ಹಿಡಿಯಲು ಬಂದಿದ್ದವನು. ಚುರುಕು ಹುಡುಗ. ಗಡ್ಡ ಬೇರೆ ಬಿಟ್ಟಿದ್ದ. "ಎಷ್ಟೋ ನಿನಗೆ?" ಅಂದರೆ "ಹದಿನೆಂಟಾಯ್ತು ಅಣ್ಣ" ಅಂದ. ನಾನು ನಂಬಿದೆ.

12,000 ಮುಂಗಡ, ಉಳಿದ 50,000 ತಿಂಗಳಿಗೆ ಹತ್ತು ಸಾವಿರದಂತೆ ಐದು ಕಂತು. ಬಾಯಿಮಾತಿನಲ್ಲಿ ಬೇಡ, ಎಲ್ಲ ಕ್ರಮವಾಗಿ ಇರಲಿ ಅಂತ ಬಾಂಡ್ ಪೇಪರಿನಲ್ಲಿ ಬರೆಸಿದೆ. ಕೋರ್ಟಿನ ಹತ್ತಿರ ಕೂತು ಟೈಪ್ ಮಾಡುವವರ ಬಳಿ ಇಂಥ ಕಾಗದದ ನಮೂನೆ ಸಿದ್ಧ ಇರುತ್ತದೆ. "ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ಪೂರ್ಣ ಪ್ರಜ್ಞೆಯಿಂದ" ಎಂಬ ಸಾಲುಗಳು ತಾವಾಗಿಯೇ ಬಂದು ಕೂರುತ್ತವೆ. ಹುಡುಗನ ಹೆಸರಿನ ಮುಂದೆ ಅವರು "ವಯಸ್ಸು ಸುಮಾರು 18 ವರ್ಷ" ಅಂತ ಹೊಡೆದರು. ನಾನು ಎರಡೆರಡು ಸಲ ಪರೀಕ್ಷೆ ಮಾಡಿ ಬರೆಸಿದ್ದು ಬೇರೆ ಒಂದನ್ನು: ಕ್ಯಾಮೆರಾದ ಶಟರ್ ಕೌಂಟ್, 41,200. ಅಂದರೆ ಅಲ್ಲಿಯವರೆಗೆ ಅದರಲ್ಲಿ ಎಷ್ಟು ಫೋಟೋ ತೆಗೆದಿದೆ ಎಂಬ ಲೆಕ್ಕ. ಹಳೇ ಕಾರಿಗೆ ಕಿಲೋಮೀಟರ್ ಹೇಗೋ, ಹಳೇ ಕ್ಯಾಮೆರಾಗೆ ಇದು ಹಾಗೆ. ಮುಂದೆ ಜಗಳ ಬಂದರೆ ಇದರ ಮೇಲೇ ಬರುತ್ತದೆ ಅಂತ ನನ್ನ ಅಂದಾಜು.

ಜುಲೈ, ಆಗಸ್ಟ್ ಕಂತು ಬಂತು. ಸೆಪ್ಟೆಂಬರ್ ಬರಲಿಲ್ಲ. ಫೋನ್ ಮಾಡಿದರೆ "ಮುಂದಿನ ವಾರ ಅಣ್ಣ". ಆಮೇಲೆ ಫೋನೇ ಎತ್ತಲಿಲ್ಲ. ಮನೆಗೆ ಹೋದಾಗ ತಲೆ ತಗ್ಗಿಸಿಕೊಂಡು, ಲೆನ್ಸ್ ಮಾರಿಬಿಟ್ಟೆ ಅಂದ. ಅವರಪ್ಪ ಒಳಗಿಂದ ಬಂದು, "ನನ್ನನ್ನ ಕೇಳಿ ಕೊಟ್ರಾ ಸಾರ್? ನಾನೇನಾದ್ರೂ ಸಹಿ ಹಾಕಿದೀನಾ?" ಅಂದರು. ಮೈ ಉರಿಯಿತು. ಅಕ್ಟೋಬರ್ ಎರಡನೇ ವಾರ ಫೈಲು ಹಿಡಿದು ವಕೀಲರ ಹತ್ತಿರ ಹೋದೆ.

ವಕೀಲ ಮೇಡಂ ಮೊದಲು ಅಗ್ರಿಮೆಂಟ್ ಓದಲೇ ಇಲ್ಲ. ಹಿಂದಿನ ಜೆರಾಕ್ಸ್ ತಿರುವಿದರು. ಹುಟ್ಟಿದ್ದು ನವೆಂಬರ್ 4. ಸಹಿ ಹಾಕಿದ್ದು ಜೂನ್ 10. ಬೆರಳಲ್ಲೇ ಎಣಿಸಿ "ಹದಿನೇಳು ವರ್ಷ ಏಳು ತಿಂಗಳು" ಅಂದರು. ಆಮೇಲೆ ಪೆನ್ಸಿಲ್ ತೆಗೆದುಕೊಂಡು ಅಗ್ರಿಮೆಂಟಿನಲ್ಲಿ ಒಂದೇ ಒಂದು ಪದಕ್ಕೆ ಸುತ್ತು ಹಾಕಿದರು. "ಸುಮಾರು."

"ಈ ಕಾಗದ ನಿಮಗೆ ಏನೂ ಕೊಡಲ್ಲ" ಅಂದರು.

ಅವರು ಹೇಳಿದ್ದು ಇಷ್ಟು. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಂ ಪ್ರಕಾರ ಪ್ರಾಯಕ್ಕೆ ಬಂದವರು ಮಾತ್ರ ಕರಾರು ಮಾಡಬಹುದು. ಪ್ರಾಯ ಅಂದರೆ ಯಾವಾಗ ಅನ್ನುವುದನ್ನು 1875ರ ಇನ್ನೊಂದು ಕಾಯ್ದೆ ಹೇಳುತ್ತದೆ: ಹದಿನೆಂಟು ತುಂಬುವ ದಿನ ಶುರುವಾದ ಕ್ಷಣ. ಹಿಂದೆ ಕೋರ್ಟೇ ಪಾಲಕರನ್ನು ನೇಮಿಸಿದ್ದರೆ ಇಪ್ಪತ್ತೊಂದರವರೆಗೆ ಮೈನರ್ ಎಂದಿತ್ತಂತೆ. 1999ರಲ್ಲಿ ಅದು ಹೋಯಿತು. ಈಗ ಎಲ್ಲರಿಗೂ ಹದಿನೆಂಟೇ. ಒಂದು ದಿನ ಕಡಿಮೆ ಇದ್ದರೂ ಮೈನರ್ ಮೈನರೇ.

"ಆದ್ರೆ ಮೇಡಂ, ಅವನೇ ಹದಿನೆಂಟು ಅಂದಿದ್ದು!"

"ಅಂದಿರಬಹುದು. ಸುಳ್ಳು ಹೇಳಿದ ಮಾತ್ರಕ್ಕೆ ಅವನಿಗೆ ವಯಸ್ಸು ಬರಲ್ವಲ್ಲ."

ಆಮೇಲೆ ನನಗೆ ಒಂದು ಕಥೆ ಹೇಳಿದರು. ಕಾನೂನು ಓದುವ ಮಕ್ಕಳೆಲ್ಲ ಮೊದಲ ವರ್ಷವೇ ಓದುವ ಕಥೆಯಂತೆ ಅದು. 1895ರಲ್ಲಿ ಕಲ್ಕತ್ತಾದಲ್ಲಿ ಧರ್ಮೋದಾಸ್ ಘೋಷ್ ಎಂಬ ಅಪ್ರಾಪ್ತ ಹುಡುಗ ತನ್ನ ಮನೆಗಳನ್ನು ಬ್ರಹ್ಮೋ ದತ್ತ ಎಂಬ ಲೇವಾದೇವಿಗಾರನಿಗೆ 20,000 ರೂಪಾಯಿಗೆ ಅಡಮಾನ ಬರೆದುಕೊಟ್ಟ. ಆಮೇಲೆ ಈ ಪತ್ರ ನಡೆಯಲ್ಲ, ಆಗ ನಾನು ಮೈನರ್ ಅಂತ ಕೋರ್ಟಿಗೆ ಹೋದ. ಕೇಸು ಬೆಳೀತಾ ಬೆಳೀತಾ ಲೇವಾದೇವಿಗಾರ ತೀರಿಕೊಂಡ, ಅವನ ಹೆಂಡತಿ ಮೊಹೊರಿ ಬೀಬಿ ಕೇಸು ಮುಂದುವರಿಸಿದಳು. ಆಗ ನಮ್ಮ ದೇಶದ ಕೇಸುಗಳಿಗೆ ಕೊನೆಯ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. 1903ರಲ್ಲಿ ತೀರ್ಪು ಬಂತು: ಮೈನರ್ ಮಾಡಿದ ಕರಾರು ಅಂದರೆ ಆಮೇಲೆ ರದ್ದು ಮಾಡಬಹುದಾದ ಕರಾರು ಅಂತಲ್ಲ, ಅದು ಶುರುವಿನಿಂದಲೇ ಕರಾರು ಅಲ್ಲ. ಕೊಟ್ಟ ಸಾಲವನ್ನಾದರೂ ವಾಪಸ್ ಕೊಡಿಸಿ ಅಂದರೆ ಅದೂ ಸಿಗಲಿಲ್ಲ. ಯಾಕೆಂದರೆ ಸಾಲ ಕೊಡುವ ಮೊದಲೇ ಹುಡುಗನ ತಾಯಿಯ ಪರವಾಗಿ ಒಬ್ಬ ಅಟಾರ್ನಿ, ಇವನು ಮೈನರ್ ಅಂತ ಲೇವಾದೇವಿಗಾರನ ಏಜೆಂಟಿಗೆ ಪತ್ರ ಬರೆದು ತಿಳಿಸಿದ್ದರು.

"ಅವರಿಗೆ ಪತ್ರ ಬಂದಿತ್ತು. ನಿಮಗೆ ಜೆರಾಕ್ಸ್ ಬಂದಿತ್ತು" ಅಂದರು ಮೇಡಂ. ನಗಲಿಲ್ಲ. ನಕ್ಕಿದ್ದರೆ ವಾಸಿ ಇತ್ತು.

ಆ ರಾತ್ರಿ ನನಗೆ ಒಂದು ಭಾರಿ ಐಡಿಯಾ ಹೊಳೆಯಿತು. ನವೆಂಬರ್ 4ಕ್ಕೆ ಇನ್ನು ಮೂರು ವಾರ ಇದೆ. ಹುಡುಗನಿಗೆ ಹದಿನೆಂಟು ತುಂಬಲಿ. ಆಮೇಲೆ ಅವನನ್ನು ಕೂರಿಸಿ, "ಹಳೇ ಬಾಕಿ 30,000 ಕೊಡುತ್ತೇನೆ" ಅಂತ ಹೊಸ ಪೇಪರಿಗೆ ಸಹಿ ಹಾಕಿಸಿದರಾಯಿತು. ಬೆಳಿಗ್ಗೆ ಎದ್ದವನೇ ಫೋನ್ ಮಾಡಿದೆ. ಈ ಸಲ ಮೇಡಂ ನಕ್ಕರು. ಇದನ್ನು ನಿಮಗಿಂತ ಮುಂಚೆ ಎಷ್ಟೋ ಜನ ಯೋಚಿಸಿದ್ದಾರೆ ಅಂದರು. 1928ರಲ್ಲಿ ಅಲಹಾಬಾದ್ ಹೈಕೋರ್ಟಿಗೆ ಇಂಥದ್ದೇ ಒಂದು ಕೇಸು ಬಂದಿತ್ತಂತೆ. ಮೈನರ್ ಆಗಿದ್ದಾಗ ಸಾಲ ತೆಗೆದುಕೊಂಡವನು ಪ್ರಾಯಕ್ಕೆ ಬಂದ ಮೇಲೆ ಹೊಸ ಪತ್ರ ಬರೆದುಕೊಟ್ಟಿದ್ದ. ಅದೂ ನಡೆಯಲಿಲ್ಲ. ಹುಟ್ಟೇ ಇರದ ಕರಾರಿಗೆ ಆಮೇಲೆ ಜೀವ ಕೊಡುವುದು ಹೇಗೆ? ಹೊಸ ಸಹಿಗೆ ಪ್ರತಿಯಾಗಿ ನಾನು ಹೊಸದಾಗಿ ಏನಾದರೂ ಕೊಡಬೇಕು. ಹಿಂದೆ ಕೊಟ್ಟಿದ್ದು ಲೆಕ್ಕಕ್ಕಿಲ್ಲ. ಕ್ಯಾಮೆರಾ ವಾಪಸ್ ಇಸ್ಕೊಂಡು, ನವೆಂಬರ್ 5ಕ್ಕೆ ಅದನ್ನೇ ಹೊಸದಾಗಿ ಮಾರಿದರೆ ಅದು ಗಟ್ಟಿ ಕರಾರು. ಹಳೇ ಬಾಕಿಗೆ ಹೊಸ ಅಂಗಿ ತೊಡಿಸಿದರೆ ಅಲ್ಲ.

ಹಾಗಾದರೆ ಅವರಪ್ಪ? ಅಪ್ಪನೂ ಇಲ್ಲ. ಮಗ ಮಾಡಿದ ಕರಾರಿಗೆ ತಂದೆ ತಾಯಿ ಹೊಣೆಯಲ್ಲ, ಮಗ ಅವರ ಪರವಾಗಿ ಕೊಂಡಿದ್ದರೆ ಮಾತ್ರ ಮಾತು ಬೇರೆ. ಕೊಳ್ಳುವವರು ಅಂತ ಅಪ್ಪನ ಹೆಸರೇ ಹಾಕಿ ಸಹಿ ಮಾಡಿಸಿದ್ದರೆ ಈ ರಾಮಾಯಣವೇ ಇರುತ್ತಿರಲಿಲ್ಲ. ಅವತ್ತು ಅವರು ಬಾಗಿಲಲ್ಲಿ ನಿಂತು ಹೇಳಿದ್ದು ದರ್ಪದ ಮಾತು ಅಂತ ನನಗನ್ನಿಸಿತ್ತು. ಕಾನೂನಿನ ಮಾತೂ ಅದೇ ಆಗಿತ್ತು.

ಇನ್ನೊಂದು ದಾರಿ ಇತ್ತು, ಅಗತ್ಯವಸ್ತು. ಅದೇ ಕರಾರು ಕಾಯ್ದೆಯ 68ನೇ ಕಲಂ ಪ್ರಕಾರ ಮೈನರ್‌ಗೆ ಅವನ ಬದುಕಿಗೆ, ಅಂತಸ್ತಿಗೆ ತಕ್ಕ ಅಗತ್ಯ ವಸ್ತು ಕೊಟ್ಟವರಿಗೆ ಅದರ ಬೆಲೆ ಸಿಗುತ್ತದೆ. ನಾನು ತಕ್ಷಣ ಹಿಡಿದುಕೊಂಡೆ. ಕ್ಯಾಮೆರಾ ಅವನಿಗೆ ಅನ್ನದ ದಾರಿ, ಅದಕ್ಕಿಂತ ಅಗತ್ಯ ಏನಿದೆ? ಮೇಡಂ ಇಂಗ್ಲೆಂಡಿನ ಒಬ್ಬ ದರ್ಜಿಯ ಕಥೆ ತೆಗೆದರು. ಕೇಂಬ್ರಿಡ್ಜ್‌ನಲ್ಲಿ ಓದುತ್ತಿದ್ದ ಶ್ರೀಮಂತರ ಹುಡುಗನಿಗೆ ಅವನು ಬೇರೆ ಬಟ್ಟೆಗಳ ಜೊತೆ ಹನ್ನೊಂದು ಷೋಕಿ ವೇಸ್ಟ್‌ಕೋಟ್ ಹೊಲಿದುಕೊಟ್ಟಿದ್ದ. ದುಡ್ಡು ಬರಲಿಲ್ಲ, ಕೋರ್ಟಿಗೆ ಹೋದ. ಅಪ್ಪ ಆಗಲೇ ಸಾಕಷ್ಟು ಬಟ್ಟೆ ಕೊಡಿಸಿದ್ದಾನೆ, ಇವು ಅಗತ್ಯ ಹೇಗಾಗುತ್ತವೆ ಅಂತ 1908ರಲ್ಲಿ ಕೋರ್ಟು ದರ್ಜಿಯನ್ನು ಬರಿಗೈಲಿ ಕಳಿಸಿತು. ನನ್ನ ಕ್ಯಾಮೆರಾ ವೇಸ್ಟ್‌ಕೋಟ್ ಅಲ್ಲ, ನಿಜ. ವಾದ ಮಾಡಬಹುದು. ಗೆದ್ದರೂ ಹಣ ಬರುವುದು ಮೈನರ್‌ನ ಆಸ್ತಿಯಿಂದ ಮಾತ್ರ, ಅವನ ಮೈಮೇಲೆ ಅಲ್ಲ. "ಅವನ ಹೆಸರಲ್ಲಿ ಏನಿದೆ?" ಅಂತ ಕೇಳಿದರು. ಒಂದು ಸೈಕಲ್ ನೋಡಿದ ನೆನಪು.

ಪೊಲೀಸ್ ಕಂಪ್ಲೇಂಟ್ ಬಗ್ಗೆಯೂ ಕೇಳಿದೆ ಅಂತ ಒಪ್ಪಿಕೊಳ್ಳುತ್ತೇನೆ. ಅವನು ಮೈನರ್ ಆಗಿದ್ದಾಗಿನ ವಿಷಯ, ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ, ಅದರಿಂದ ನಿಮ್ಮ ದುಡ್ಡು ಬರಲ್ಲ ಅಂದರು. ಅಲ್ಲಿಗೇ ಬಿಟ್ಟೆ.

ಹಾಗಾದರೆ ಈ ಕಾನೂನು ಮೈನರ್‌ಗೆ ಲಾಟರಿ ಅಲ್ವಾ ಅಂತ ಕೇಳಿದೆ, ಸ್ವಲ್ಪ ಸಿಟ್ಟಿನಲ್ಲೇ. ಒಂದು ಬದಿಗೆ ಹೌದಂತೆ. ನಾನು ಪೂರ್ತಿ ದುಡ್ಡು ಇಸ್ಕೊಂಡು ಕ್ಯಾಮೆರಾ ಕೊಡದೇ ಇದ್ದಿದ್ದರೆ, ಅವನು ದೊಡ್ಡವರೊಬ್ಬರ ಮೂಲಕ ನನ್ನ ಮೇಲೆ ದಾವೆ ಹಾಕಬಹುದಿತ್ತು. ತನ್ನ ಪಾಲಿನದನ್ನು ಕೊಟ್ಟು ಮುಗಿಸಿದ ಮೈನರ್‌ಗೆ ಆ ಹಕ್ಕಿದೆ ಅಂತ ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ 1916ರಲ್ಲೇ ಹೇಳಿದೆ. ಆದರೆ ಯಾವಾಗಲೂ ಹೀಗೇ ಅಂತಲ್ಲ. 1949ರ ಬಾಂಬೆ ಹೈಕೋರ್ಟಿನ ಒಂದು ಪ್ರಕರಣ ಹೇಳಿದರು. ರಾಜ್ ರಾಣಿ ಎಂಬ ಅಪ್ರಾಪ್ತ ಹುಡುಗಿಯ ಪರವಾಗಿ ಅವಳಪ್ಪ ಒಬ್ಬ ಸಿನಿಮಾ ನಿರ್ಮಾಪಕರ ಜೊತೆ ನಟನೆಯ ಕರಾರು ಮಾಡಿದ್ದರು. ನಿರ್ಮಾಪಕರು ಪಾತ್ರ ಕೊಡಲಿಲ್ಲ. ಹುಡುಗಿ ಕೋರ್ಟಿಗೆ ಹೋದರೆ, ನಟಿಸುತ್ತೇನೆ ಎಂಬ ನಿನ್ನ ಮಾತಿಗೇ ಕಾನೂನಿನ ಬಲ ಇಲ್ಲ, ಹಾಗಾಗಿ ಅವರ ಮಾತಿಗೂ ಇಲ್ಲ ಅಂತಾಯಿತು. ಕಾಪಾಡಲು ಕಟ್ಟಿದ ಬೇಲಿ ಒಳಗಿದ್ದವಳನ್ನೇ ತಡೆದ ಹಾಗೆ. ಈ ಕೇಸು ಕೇಳಿದ ಮೇಲೆ ನನ್ನ ಸಿಟ್ಟು ಯಾಕೋ ಸ್ವಲ್ಪ ಇಳಿಯಿತು.

ಕೊನೆಗೆ ಉಳಿದದ್ದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 33ನೇ ಕಲಂ. ನಾನು ಮೈನರ್ ಆಗಿದ್ದೆ, ಕರಾರು ನಡೆಯಲ್ಲ ಅಂತ ಯಾರಾದರೂ ವಾದಿಸಿದರೆ, ಆ ಕರಾರಿನಿಂದ ಅವನಿಗೆ ಎಷ್ಟು ಲಾಭವಾಗಿದೆಯೋ ಅಷ್ಟನ್ನು ಹಿಂದಿರುಗಿಸು ಅಂತ ಕೋರ್ಟು ಹೇಳಬಹುದು. ಹೇಳಲೇಬೇಕು ಅಂತಿಲ್ಲ, ಹೇಳಬಹುದು. "ನಿಮ್ಮ ಕಂತು ಮರೆತುಬಿಡಿ. ಕ್ಯಾಮೆರಾ ಇನ್ನೂ ಅವನ ಹತ್ರ ಇದೆ ತಾನೆ? ಅದನ್ನ ಕೇಳೋಣ."

ಅಕ್ಟೋಬರ್ ಕೊನೆಗೆ ನೋಟಿಸ್ ಹೋಯಿತು. ಹುಡುಗನ ಹೆಸರಿಗೆ, ಆದರೆ "ಅಪ್ರಾಪ್ತ, ಸ್ವಾಭಾವಿಕ ಪಾಲಕರಾದ ತಂದೆಯ ಮೂಲಕ" ಅಂತ ಬರೆದು. ಆ ಸಾಲು ಓದುವಾಗ ಒಂಥರಾ ಆಯಿತು. ನಾಲ್ಕು ತಿಂಗಳ ಹಿಂದೆ ಅವನ ಜೊತೆ ದೊಡ್ಡವನ ಹಾಗೆ ಚೌಕಾಸಿ ಮಾಡಿದ್ದೆ. 65ರಿಂದ 62ಕ್ಕೆ ಇಳಿಸಿದವನು ಅವನೇ.

ನವೆಂಬರ್‌ನಲ್ಲಿ ರಿಪ್ಲೈ ನೋಟಿಸ್ ಬಂತು. ಅವರೂ ವಕೀಲರನ್ನು ಹಿಡಿದಿದ್ದರು. ಕರಾರು ಅನೂರ್ಜಿತ, ಆದ್ದರಿಂದ ಬಾಕಿ ಕೊಡುವ ಪ್ರಶ್ನೆಯೇ ಇಲ್ಲ. ಅಲ್ಲಿಯವರೆಗೆ ಸರಿ. ಮುಂದಿನ ಸಾಲು: ನಮ್ಮ ಕಕ್ಷಿದಾರರು ಕೊಟ್ಟ 32,000 ರೂಪಾಯಿಯನ್ನು ಹದಿನೈದು ದಿನದೊಳಗೆ ಹಿಂದಿರುಗಿಸತಕ್ಕದ್ದು. ನಾನು ಮೂರು ಸಲ ಓದಿದೆ. ಕೊಡಬೇಕಾದವನು ಅವನು ಅಂತ ಹೋದರೆ, ಈಗ ಕೊಡಬೇಕಾದವನು ನಾನಾ? ಮೇಡಂ ಸಮಾಧಾನ ಮಾಡಿದರು. ವಸ್ತು ಬಳಸಿ, ಅದರಿಂದ ದುಡಿದು, ಆಮೇಲೆ ಪೂರ್ತಿ ಹಣ ವಾಪಸ್ ಕೊಡಿ ಅಂದರೆ ಅಷ್ಟು ಸುಲಭವಾಗಿ ಸಿಗಲ್ಲ. ಆದರೆ ದಾವೆಗೆ ಹೋದರೆ ವರ್ಷಗಟ್ಟಲೆ, ಆ ಹೊತ್ತಿಗೆ ಕ್ಯಾಮೆರಾ ತೂಕಕ್ಕೆ ಹೋಗುತ್ತದೆ. ಲೋಕ ಅದಾಲತ್‌ಗೆ ಹಾಕೋಣ ಅಂದರು.

ಕೇಸು ದಾಖಲಾಗುವ ಮುಂಚೆಯೇ ಲೋಕ ಅದಾಲತ್‌ಗೆ ಹೋಗಬಹುದು ಅಂತ ನನಗೆ ಗೊತ್ತಿರಲಿಲ್ಲ. ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ. ಕೋರ್ಟ್ ಫೀ ಇಲ್ಲ. ಎರಡೂ ಕಡೆಯವರಿಗೆ ನೋಟಿಸ್ ಬರುತ್ತದೆ. ರಾಜಿಯಾದರೆ ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಮೇಲ್ಮನವಿ ಇಲ್ಲ. ಆಗದಿದ್ದರೆ ಕೋರ್ಟಿನ ದಾರಿ ಇದ್ದೇ ಇರುತ್ತದೆ.

ಡಿಸೆಂಬರ್‌ನ ಆ ದಿನ ಕೋರ್ಟಿನ ಹಾಲ್ ತುಂಬ ಜನ. ಬ್ಯಾಂಕಿನವರು, ಚೆಕ್ ಬೌನ್ಸ್‌ನವರು, ಜಮೀನಿನವರು. ನಮ್ಮ ಸರದಿ ಬಂದಾಗ ಮಧ್ಯಾಹ್ನ. ಹುಡುಗ ಕ್ಯಾಮೆರಾ ಬ್ಯಾಗ್ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದ. ಗಡ್ಡ ತೆಗೆದಿದ್ದ. ಈಗ ಅವನಿಗೆ ಹದಿನೆಂಟಾಗಿ ಒಂದು ತಿಂಗಳು, ನೋಡಿದರೆ ಹದಿನೈದು ಅನ್ನಬೇಕು.

ಸಂಧಾನಕಾರರು ಇಬ್ಬರ ಮಾತನ್ನೂ ಕೇಳಿದರು. ಅಪ್ಪ ಹಳೇ ಮಾತನ್ನೇ ಹೇಳಿದರು. ನಾನು ಬ್ಯಾಗಿನಿಂದ ಕ್ಯಾಮೆರಾ ತೆಗೆಸಿ, ಒಂದು ಫೋಟೋ ತೆಗೆದು, ಲ್ಯಾಪ್‌ಟಾಪಿಗೆ ಹಾಕಿ ಶಟರ್ ಕೌಂಟ್ ತೋರಿಸಿದೆ. 58,900. ಅಗ್ರಿಮೆಂಟಿನಲ್ಲಿ 41,200. "ಹದಿನೇಳು ಸಾವಿರದ ಏಳುನೂರು ಫೋಟೋ ಸರ್. ಇವನು ಸುಮ್ನೆ ಮನೇಲಿ ಇಟ್ಟುಕೊಂಡಿರಲಿಲ್ಲ, ದುಡಿದಿದ್ದಾನೆ." ಕರಾರು ಸತ್ತುಹೋಗಿದ್ದರೂ ಅದರೊಳಗಿನ ಆ ಒಂದು ಅಂಕಿ ಅವತ್ತು ಕೆಲಸಕ್ಕೆ ಬಂತು. ಹುಡುಗ ಇಲ್ಲ ಅನ್ನಲಿಲ್ಲ. ಏಳೆಂಟು ಕಾರ್ಯಕ್ರಮ ಮಾಡಿದೆ ಅಂದ.

ಆಮೇಲೆ ಲೆಕ್ಕ ಶುರುವಾಯಿತು. ಮಾರಿಹೋದ ಲೆನ್ಸಿಗೆ 15,000. ಆರು ತಿಂಗಳು ಬಳಸಿದ್ದಕ್ಕೆ ಬಾಡಿಗೆ ಅಂತ 18,000 ಕೇಳಿದೆ, ಅವರಪ್ಪ 8,000 ಅಂದರು, ಸಂಧಾನಕಾರರು 12,000ಕ್ಕೆ ನಿಲ್ಲಿಸಿದರು. ಒಟ್ಟು 27,000. ಹುಡುಗ ಕೊಟ್ಟಿದ್ದು 32,000. ಕ್ಯಾಮೆರಾ ನನಗೆ ವಾಪಸ್, ಐದು ಸಾವಿರ ಅವನಿಗೆ ವಾಪಸ್. ಅಂದರೆ 30,000 ವಸೂಲಿಗೆ ಅಂತ ಹೊರಟ ನಾನು 5,000 ಕೊಟ್ಟು ಬಂದೆ. ಮನೆಯಲ್ಲಿ ಇದನ್ನು ವಿವರಿಸಲು ಅದಾಲತ್‌ಗಿಂತ ಜಾಸ್ತಿ ಹೊತ್ತು ಹಿಡಿಯಿತು.

ರಾಜಿ ಪತ್ರಕ್ಕೆ ಸಹಿ ಹಾಕುವ ಮೊದಲು ಸಂಧಾನಕಾರರು ಹುಡುಗನ ಆಧಾರ್ ಕಾರ್ಡ್ ಇಸ್ಕೊಂಡು ತಾರೀಕು ನೋಡಿದರು. ಮೂಲ ಕಾರ್ಡು, ಜೆರಾಕ್ಸ್ ಅಲ್ಲ. ಕನ್ನಡಕ ಏರಿಸಿ, ಬಾಯಲ್ಲಿ ಓದಿ, ಆಮೇಲೇ ಪೆನ್ನು ಕೊಟ್ಟರು. ಅವನ ಸಹಿ ಜೂನ್‌ನಲ್ಲಿ ಹಾಕಿದ ಹಾಗೇ ಇತ್ತು, ಕೊನೆಯ ಅಕ್ಷರದ ಬಾಲ ಉದ್ದಕ್ಕೆ ಎಳೆದು.

ಮನೆಗೆ ಬಂದು ಕ್ಯಾಮೆರಾ ಒರೆಸುವಾಗ ಸ್ಲಾಟಿನಲ್ಲಿ ಅವನ ಮೆಮೊರಿ ಕಾರ್ಡ್ ಸಿಕ್ಕಿತು. ನೋಡಬಾರದಿತ್ತು, ನೋಡಿದೆ. ಯಾರದ್ದೋ ಮದುವೆ. ಧಾರೆಯ ಹೊತ್ತಿಗೆ ಎಲ್ಲರೂ ಗಂಡು ಹೆಣ್ಣನ್ನು ನೋಡುತ್ತಿದ್ದರೆ ಇವನು ಪಕ್ಕದಲ್ಲಿ ಕೂತ ಅಜ್ಜಿಯೊಬ್ಬರ ಕೈ ತೆಗೆದಿದ್ದ, ಬಳೆ ಹಿಂದಕ್ಕೆ ಸರಿಸಿಕೊಳ್ಳುತ್ತಿರುವ ಕೈ. ನಾನಾಗಿದ್ದರೆ ಆ ಕಡೆ ತಿರುಗುತ್ತಲೇ ಇರಲಿಲ್ಲ.

ಫೋನ್ ಮಾಡಿದೆ. ಮರುದಿನ ಬಂದು ಕಾರ್ಡ್ ತೆಗೆದುಕೊಂಡ. ಹೊಸ್ತಿಲಲ್ಲೇ ನಿಂತು ಸ್ವಲ್ಪ ಹೊತ್ತು ಚಪ್ಪಲಿ ನೋಡಿಕೊಂಡ. "ಅಣ್ಣ, ಆ ಬಾಡಿ ಈಗ ಎಷ್ಟಕ್ಕೆ ಕೊಡ್ತೀರಾ?"

ಯೋಚನೆ ಮಾಡಿ ಹೇಳ್ತೀನಿ ಅಂದೆ. ಕ್ಯಾಮೆರಾ ಇನ್ನೂ ಬೀರುವಿನಲ್ಲಿದೆ. ತಿಂಗಳಿಗೊಮ್ಮೆ ತೆಗೆದು ಬ್ಯಾಟರಿ ಚಾರ್ಜ್ ಮಾಡಿ ಇಡುತ್ತೇನೆ.